ಮೋರ್‌ಓವರ್, ಹೌಎವರ್ ಎಲ್ಲಾ ಹಾಕಿದ್ರೂ ಪ್ಯಾರಾಗ್ರಾಫ್ ಯಾಕೆ ಬಿಡಿಬಿಡಿಯಾಗೇ ಇರುತ್ತೆ?

ಪ್ರಶ್ನೆ: ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೀಬೇಕು ಅಂತ ಇಂಗ್ಲಿಷ್ ಎಸ್ಸೇ ಪ್ರಾಕ್ಟೀಸ್ ಮಾಡ್ತಿದೀನಿ. ಟ್ರಾನ್ಸಿಶನ್ ವರ್ಡ್ಸ್ ಲಿಸ್ಟ್ ಒಂದನ್ನ ಪೂರ್ತಿ ಬಾಯಿಪಾಠ ಮಾಡಿದೀನಿ, ಪ್ರತಿ ಸೆಂಟೆನ್ಸ್ ಶುರುನಲ್ಲೂ ಒಂದೊಂದು ಹಾಕ್ತೀನಿ, ಆದ್ರೂ ನಮ್ಮ ಸರ್ "ಐಡಿಯಾಗಳು ಕನೆಕ್ಟ್ ಆಗ್ತಿಲ್ಲ" ಅಂತಾನೇ ಬರೀತಾರೆ. ಇನ್ನೂ ಯಾವ ಪದ ಕಲೀಬೇಕು? ಹೌಎವರ್ ಜೊತೆ ಕಾಮಾನಾ ಸೆಮಿಕೋಲನ್ನಾ? ಒಂದು ಪ್ಯಾರಾಗ್ರಾಫ್‌ಗೆ ಎಷ್ಟು ಹಾಕಿದ್ರೆ ಸರಿ? ನಾನು ಬರೆದ ಒಂದು ಪ್ಯಾರಾನೂ ಕಳ್ಸಿದೀನಿ, ನೋಡಿ.

ಉತ್ತರ: ಹೊಸ ಪದ ಯಾವ್ದೂ ಬೇಡ. ನಿಮ್ಮ ಹತ್ರ ಇರೋದೇ ಜಾಸ್ತಿ ಆಗಿದೆ, ಅದ್ರಲ್ಲಿ ಅರ್ಧ ಕೈಬಿಟ್ರೂ ನಷ್ಟ ಏನಿಲ್ಲ. ನಿಮ್ಮ ಸರ್ ಹೇಳ್ತಿರೋದು ಪದ ಕಮ್ಮಿ ಆಯ್ತು ಅಂತಲ್ಲ, ಒಂದು ಮಾತಿಗೂ ಮುಂದಿನ ಮಾತಿಗೂ ಏನು ಸಂಬಂಧ ಅಂತ ಗೊತ್ತಾಗ್ತಿಲ್ಲ ಅಂತ, ಇವೆರಡೂ ಬೇರೆ ಬೇರೆ ಸಮಸ್ಯೆ.

ನಿಮ್ಮ ಪ್ಯಾರಾನೇ ತಗೊಳೋಣ. ವಿಷಯ ವರ್ಕ್ ಫ್ರಮ್ ಹೋಮ್. ನೀವು ಬರೆದಿರೋದನ್ನ ಕನ್ನಡದಲ್ಲಿಟ್ಟು ಜೋಡಿಸೋ ಪದಗಳನ್ನ ಮಾತ್ರ ಹಾಗೇ ಬಿಟ್ರೆ ಹೀಗಿದೆ: ಮನೆಯಿಂದ ಕೆಲಸ ಮಾಡಿದ್ರೆ ಟೈಮ್ ಉಳಿಯುತ್ತೆ. ಮೋರ್‌ಓವರ್, ತುಂಬಾ ಜನಕ್ಕೆ ಒಂಟಿತನ ಕಾಡುತ್ತೆ. ಫರ್ದರ್‌ಮೋರ್, ಕಂಪನಿಗೆ ಬಾಡಿಗೆ ಉಳಿಯುತ್ತೆ. ಹೌಎವರ್, ಇಂಟರ್ನೆಟ್‌ಗೆ ಖರ್ಚಾಗುತ್ತೆ. ದೇರ್‌ಫೋರ್, ವರ್ಕ್ ಫ್ರಮ್ ಹೋಮ್ ಒಳ್ಳೇದು.

ಗ್ರಾಮರ್ ತಪ್ಪು ಒಂದೂ ಇಲ್ಲ, ಕಾಮಾನೂ ಸರಿಯಾಗೇ ಇದೆ. ಆದ್ರೆ ಓದೋನ ತಲೇಲಿ ಏನಾಗುತ್ತೆ ನೋಡಿ. ಟೈಮ್ ಉಳಿಯುತ್ತೆ ಅನ್ನೋದು ಪ್ಲಸ್ ಪಾಯಿಂಟು, ಅದರ ಮೇಲೆ ಮೋರ್‌ಓವರ್ ಅಂದ ತಕ್ಷಣ ಓದೋನು ಇನ್ನೊಂದು ಪ್ಲಸ್ ಪಾಯಿಂಟ್ ಬರುತ್ತೆ ಅಂತ ರೆಡಿ ಆಗಿರ್ತಾನೆ, ಬಂದಿದ್ದು ಒಂಟಿತನ. ಸರಿ ಹೋಗ್ಲಿ ಇನ್ಮೇಲೆ ಮೈನಸ್ ಹೇಳ್ತಾರೇನೋ ಅಂತ ಅಂದ್ಕೊಳ್ಳೋ ಹೊತ್ತಿಗೆ ಫರ್ದರ್‌ಮೋರ್ ಅಂತ ಮತ್ತೆ ಪ್ಲಸ್. ಹೌಎವರ್ ಜಾಗ ಪರವಾಗಿಲ್ಲ ಅನ್ಸುತ್ತೆ, ಒಂದು ಕಡೆ ಉಳಿತಾಯ ಇನ್ನೊಂದು ಕಡೆ ಖರ್ಚು, ಆದ್ರೆ ಉಳಿಯೋದು ಕಂಪನಿಗೆ ಖರ್ಚಾಗೋದು ಕೆಲಸಗಾರನಿಗೆ ಅನ್ನೋ ನಿಜವಾದ ವಿಷಯ ಇದ್ಯಲ್ಲ, ಅದು ಎಲ್ಲೂ ಬರಲೇ ಇಲ್ಲ. ಕೊನೇ ದೇರ್‌ಫೋರ್ ಅಂತೂ ಅತೀ ಮೋಸದ್ದು. ಎರಡು ಪ್ಲಸ್ಸು ಎರಡು ಮೈನಸ್ಸು ಹೇಳಿ 'ಆದ್ದರಿಂದ ಒಳ್ಳೇದು' ಅಂದ್ರೆ ಯಾವುದರಿಂದ? ತೂಕ ಹಾಕಿ ತೋರಿಸೋ ಕೆಲಸ ನೀವು ಮಾಡಿಲ್ಲ, ಆ ಕೆಲಸವನ್ನ ದೇರ್‌ಫೋರ್ ಮಾಡ್ಲಿ ಅಂತ ಬಿಟ್ಟಿದೀರಿ. ಇಂಡಿಕೇಟರ್ ಹಾಕಿದ ಮಾತ್ರಕ್ಕೆ ಗಾಡಿ ತಿರುಗಲ್ಲ, ತಿರುಗಿಸೋರು ನೀವೇ. ಅಷ್ಟೇ ಅಲ್ಲ, ಎಡಗಡೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗಿದ್ರೆ ಇಂಡಿಕೇಟರ್ ಇಲ್ದೇ ಇರೋದಕ್ಕಿಂತ ಅಪಾಯ.

ಈಗ ಅದೇ ವಿಷಯಗಳನ್ನ ಹೀಗೆ ಬರೆದ್ರೆ ನೋಡಿ: 'ವರ್ಕಿಂಗ್ ಫ್ರಮ್ ಹೋಮ್ ಸೇವ್ಸ್ ಟೈಮ್. ಇಟ್ ಆಲ್ಸೋ ಸೇವ್ಸ್ ದ ಕಂಪನಿ ಇಟ್ಸ್ ರೆಂಟ್, ಬಟ್ ಪಾರ್ಟ್ ಆಫ್ ದಟ್ ಕಾಸ್ಟ್ ಮೂವ್ಸ್ ಟು ದಿ ಎಂಪ್ಲಾಯೀ, ಹೂ ನೌ ಪೇಸ್ ಫಾರ್ ದಿ ಇಂಟರ್ನೆಟ್. ದಿ ಅದರ್ ಕಾಸ್ಟ್ ಈಸ್ ಲೋನ್ಲಿನೆಸ್.' ಇದ್ರಲ್ಲಿ ಲಿಸ್ಟಿನ ದೊಡ್ಡ ಪದ ಒಂದೂ ಇಲ್ಲ, ಬರೀ ಆಲ್ಸೋ ಮತ್ತೆ ಬಟ್. ಆದ್ರೂ ಎಲ್ಲೂ ಕಡಿದು ಹೋದ ಹಾಗೆ ಅನ್ಸಲ್ಲ. ಜೋಡಿಸ್ತಿರೋದು ಏನಪ್ಪಾ ಅಂದ್ರೆ 'ಇಟ್', ಎರಡನೇ ಸಲ ಬಂದ 'ಸೇವ್ಸ್', 'ದಟ್ ಕಾಸ್ಟ್', 'ಹೂ', ಆಮೇಲೆ 'ದಿ ಅದರ್ ಕಾಸ್ಟ್'. ಒಂಟಿತನಾನೂ ಒಂದು ಥರ ಖರ್ಚೇ ಅಂತ ಹೇಳಿದ್ದಕ್ಕೆ ಅದು ಹಿಂದಿನ ವಾಕ್ಯಕ್ಕೆ ತಾನಾಗೇ ಅಂಟ್ಕೊಂಡಿದೆ.

ಇದು ನನ್ನ ಸ್ವಂತ ಥಿಯರಿ ಏನಲ್ಲ. ಎಂ.ಎ.ಕೆ. ಹ್ಯಾಲಿಡೇ ಮತ್ತೆ ರುಖಯ್ಯಾ ಹಸನ್ ಅನ್ನೋ ಇಬ್ಬರು ಭಾಷಾತಜ್ಞರು 1976ರಲ್ಲಿ 'ಕೊಹೀಶನ್ ಇನ್ ಇಂಗ್ಲಿಷ್' ಅಂತ ಪುಸ್ತಕ ತಂದ್ರು, ಇಂಗ್ಲಿಷ್‌ನಲ್ಲಿ ವಾಕ್ಯಕ್ಕೆ ವಾಕ್ಯ ಯಾವ್ಯಾವ ರೀತೀಲಿ ಕೊಂಡಿ ಹಾಕ್ಕೊಳುತ್ತೆ ಅಂತ ಅದ್ರಲ್ಲಿ ಐದು ದಾರಿ ಹೇಳಿದಾರೆ. ಇಟ್, ದಿಸ್, ದೇ ಥರ ಹಿಂದಕ್ಕೆ ಬೊಟ್ಟು ಮಾಡೋ ಪದಗಳು ಒಂದು, ಒಂದು ಪದದ ಜಾಗಕ್ಕೆ ವನ್ ಅಥವಾ ಡೂ ಸೋ ಅಂತ ಇನ್ನೊಂದು ಹಾಕೋದು ಒಂದು, ಗೊತ್ತಿರೋದನ್ನ ಹೇಳದೇ ಬಿಡೋದು ಒಂದು, ಅದೇ ಪದವನ್ನೋ ಅದಕ್ಕೆ ಹತ್ತಿರದ ಪದವನ್ನೋ ಮತ್ತೆ ತರೋದು ಒಂದು, ಮತ್ತೆ ಕನ್ಜಂಕ್ಷನ್, ಅಂದ್ರೆ ನೀವು ಬಾಯಿಪಾಠ ಮಾಡಿರೋ ಲಿಸ್ಟು. ಐದ್ರಲ್ಲಿ ಒಂದು ಮಾತ್ರ ಲಿಸ್ಟು! ನೀವು ಆ ಒಂದ್ರ ಮೇಲೆ ಇಡೀ ಎಸ್ಸೇ ಭಾರ ಹಾಕಿದೀರಿ.

ಹಾಗಾಗಿ ಮೊದಲು ಕಲಿಯೋದು ವಾಕ್ಯದ ಶುರುನಲ್ಲಿ ಏನಿರಬೇಕು ಅನ್ನೋದು. ಓದೋನಿಗೆ ಈಗಾಗ್ಲೇ ಗೊತ್ತಿರೋದ್ರಿಂದ ಶುರು ಮಾಡಿ ಹೊಸದನ್ನ ಕೊನೇಲಿ ಇಡಿ, ಮುಂದಿನ ವಾಕ್ಯಕ್ಕೆ ಆ ಹೊಸದೇ ಹಳೇದಾಗಿ ಶುರುನಲ್ಲಿ ಬರಲಿ. 'ದ ಪ್ಲಾಂಟ್ ಮೇಕ್ಸ್ ಶುಗರ್ ಇನ್ ಇಟ್ಸ್ ಲೀವ್ಸ್. ದಿಸ್ ಶುಗರ್ ಟ್ರಾವೆಲ್ಸ್ ಡೌನ್ ಟು ದ ರೂಟ್ಸ್.' ಮಧ್ಯೆ ದೆನ್ನೂ ಬೇಡ ಸಬ್ಸಿಕ್ವೆಂಟ್ಲಿನೂ ಬೇಡ. ಇಲ್ಲಿ ಬರೀ 'ದಿಸ್' ಅನ್ನದೇ 'ದಿಸ್ ಶುಗರ್' ಅಂದಿರೋದನ್ನ ಗಮನಿಸಿ. ದಿಸ್ ಮುಂದೆ ಒಂದು ನಾಮಪದ ಹಾಕೋ ಅಭ್ಯಾಸ ತುಂಬಾ ಲಾಭದ್ದು, ದಿಸ್ ಡಿಲೇ, ದಿಸ್ ಹ್ಯಾಬಿಟ್, ದಿಸ್ ಆರ್ಗ್ಯುಮೆಂಟ್, ಹಿಂದಿನ ಇಡೀ ಪ್ಯಾರಾಗ್ರಾಫನ್ನೇ ಎರಡು ಪದದಲ್ಲಿ ಕಟ್ಟಿ ಮುಂದಕ್ಕೆ ಎಳ್ಕೊಂಡು ಬರಬಹುದು, ಜೊತೆಗೆ ಅದರ ಬಗ್ಗೆ ನಿಮ್ಮ ಅಭಿಪ್ರಾಯಾನೂ ನುಸುಳಿಸಬಹುದು, ದಿಸ್ ಕ್ಲೈಮ್ ಅಂದ್ರೆ ಒಂದು ಥರ ದಿಸ್ ಫ್ಯಾಕ್ಟ್ ಅಂದ್ರೆ ಇನ್ನೊಂದು ಥರ.

ಇಷ್ಟಾದ್ಮೇಲೂ ಟ್ರಾನ್ಸಿಶನ್ ವರ್ಡ್ ಬೇಕಾಗೋದು ಎಲ್ಲಿ? ತಿರುವಿನಲ್ಲಿ. ಓದೋನು ಊಹಿಸೋ ದಾರಿ ಬಿಟ್ಟು ನೀವು ಬೇರೆ ಕಡೆ ಹೋಗ್ತೀರಿ ಅನ್ನೋ ಜಾಗದಲ್ಲಿ. ಎರಡು ಘಟನೆ ಒಂದರ ಪಕ್ಕ ಒಂದು ಇಟ್ರೆ ಜನ ತಾವಾಗೇ 'ಆಮೇಲೆ ಹೀಗಾಯ್ತು' ಅಂತ ಓದ್ಕೋತಾರೆ, ಅಲ್ಲಿ ದೆನ್ ಬೇಡ. ಆದ್ರೆ ವಿರೋಧ ಬಂದಾಗ, ಹಿಂದೆ ಹೇಳಿದ್ದಕ್ಕೆ ಮಿತಿ ಹಾಕುವಾಗ, ಕಾರಣದಿಂದ ತೀರ್ಮಾನಕ್ಕೆ ಜಿಗಿಯೋವಾಗ ಸೂಚನೆ ಕೊಡದಿದ್ರೆ ಓದೋನು ಎಡವ್ತಾನೆ. ಒಂದು ಸುಲಭದ ಪರೀಕ್ಷೆ ಹೇಳ್ತೀನಿ. ಎರಡು ವಾಕ್ಯದ ಮಧ್ಯೆ ಬೆರಳಿಟ್ಟು ಕನ್ನಡದಲ್ಲೇ ಕೇಳ್ಕೊಳ್ಳಿ, ಇಲ್ಲಿ ಬರೋದು 'ಅದಕ್ಕೇ'ನಾ, 'ಆದ್ರೆ'ನಾ, 'ಅಂದ್ರೆ'ನಾ, 'ಉದಾಹರಣೆಗೆ'ನಾ, 'ಅದೂ ಅಲ್ದೇ'ನಾ. ಉತ್ತರ ತಟ್ಟಂತ ಬಂದ್ರೆ ಇಂಗ್ಲಿಷ್ ಪದ ಹುಡುಕಿ. ಕನ್ನಡದಲ್ಲೇ ಉತ್ತರ ಬರಲಿಲ್ಲ ಅಂದ್ರೆ ಅಲ್ಲಿ ಸಂಬಂಧವೇ ಇಲ್ಲ, ಮಧ್ಯೆ ಒಂದು ವಾಕ್ಯ ಬಿಟ್ಟುಹೋಗಿದೆ ಅಥವಾ ಆ ಎರಡನೇ ವಾಕ್ಯ ಬೇರೆ ಪ್ಯಾರಾಗ್ರಾಫಿಗೆ ಸೇರಿದ್ದು. ನಿಮ್ಮ ಪ್ಯಾರಾದಲ್ಲಿ ಟೈಮ್ ಮತ್ತೆ ಒಂಟಿತನದ ಮಧ್ಯೆ ಬೆರಳಿಟ್ಟು ನೋಡಿ, ನಾನು ಏನು ಹೇಳ್ತಿದೀನಿ ಅಂತ ಗೊತ್ತಾಗುತ್ತೆ.

ಇನ್ನು ಲಿಸ್ಟಿನ ದೊಡ್ಡ ಅನಾಹುತ ಏನಂದ್ರೆ 'ವಿರೋಧ' ಅಂತ ಹೆಡಿಂಗ್ ಕೊಟ್ಟು ಹತ್ತು ಪದ ಒಟ್ಟಿಗೆ ತುಂಬಿರ್ತಾರೆ, ಎಲ್ಲಾ ಒಂದೇ ಅನ್ನೋ ಹಾಗೆ. ಒಂದೇ ಅಲ್ಲ. ಆನ್ ದಿ ಅದರ್ ಹ್ಯಾಂಡ್ ಮತ್ತೆ ಆನ್ ದಿ ಕಾಂಟ್ರರಿ ತಗೊಳ್ಳಿ. ಮೊದಲನೇದು ಒಂದೇ ವಿಷಯದ ಇನ್ನೊಂದು ಮುಖ ತೋರಿಸುತ್ತೆ, ಎರಡೂ ಮುಖ ನಿಜವೇ: ಸಿಟಿ ಲೈಫ್ ದುಬಾರಿ, ಆನ್ ದಿ ಅದರ್ ಹ್ಯಾಂಡ್ ಕೆಲಸ ಜಾಸ್ತಿ ಸಿಗುತ್ತೆ. ಎರಡನೇದು ಹಿಂದಿನ ಮಾತನ್ನ ಅಲ್ಲಗಳೆಯುತ್ತೆ: 'ದ ಎಕ್ಸಾಮ್ ವಾಸ್ ನಾಟ್ ಈಸಿ. ಆನ್ ದಿ ಕಾಂಟ್ರರಿ, ಇಟ್ ವಾಸ್ ದ ಹಾರ್ಡೆಸ್ಟ್ ಆಫ್ ದಿ ಇಯರ್.' ಅಂದ್ರೆ ಯಾರೋ ಈಸಿ ಅಂದ್ಕೊಂಡಿರಬಹುದು, ಅದು ಸುಳ್ಳು ಅಂತ. ಸಿಟಿ ಲೈಫ್ ದುಬಾರಿ ಅಂದ್ಮೇಲೆ ಆನ್ ದಿ ಕಾಂಟ್ರರಿ ಕೆಲಸ ಸಿಗುತ್ತೆ ಅಂದ್ರೆ ಅರ್ಥ ಕೆಡುತ್ತೆ.

ಮೋರ್‌ಓವರ್ ಕೂಡ ಬರೀ 'ಮತ್ತೆ' ಅಲ್ಲ. ಒಂದೇ ವಾದಕ್ಕೆ ಇನ್ನೊಂದು, ಸಾಮಾನ್ಯವಾಗಿ ಇನ್ನೂ ಗಟ್ಟಿಯಾದ ಕಾರಣ ಸೇರಿಸ್ತಿದೀನಿ ಅಂತ ಅದರ ದನಿ. ಬರೀ ಇನ್ನೊಂದು ಐಟಂ ಸೇರಿಸೋದಾದ್ರೆ ಆಲ್ಸೋ ಸಾಕು. ಬಿಸೈಡ್ಸ್ ಅನ್ನೋದಕ್ಕೆ 'ಅದು ಬಿಡಿ, ಇದೂ ಇದ್ಯಲ್ಲ' ಅನ್ನೋ ಮಾತಿನ ಧಾಟಿ ಇದೆ, ಫಾರ್ಮಲ್ ಎಸ್ಸೇಗಿಂತ ಪತ್ರಕ್ಕೆ ಚೆನ್ನ. ಮೀನ್‌ವೈಲ್ ಅಂದ್ರೆ ಅದೇ ಹೊತ್ತಲ್ಲಿ ಇನ್ನೊಂದು ಕಡೆ. ಅಟ್ ಲಾಸ್ಟ್ ಅಂದ್ರೆ ಕಾದೂ ಕಾದೂ ಸುಸ್ತಾದ್ಮೇಲೆ ಅಂತೂ ಬಂತು ಅನ್ನೋ ನಿಟ್ಟುಸಿರು, ಅದನ್ನ ಕೊನೇ ಪಾಯಿಂಟಿಗೆ ಹಾಕಿದ್ರೆ ಎಸ್ಸೇ ಮುಗೀತಲ್ಲ ಸದ್ಯ ಅಂದ ಹಾಗಾಗುತ್ತೆ, ಅಲ್ಲಿ ಫೈನಲಿ ಅಥವಾ ಲಾಸ್ಟ್ಲಿ ಹಾಕಿ. ಲಾಸ್ಟ್ ಬಟ್ ನಾಟ್ ದಿ ಲೀಸ್ಟ್ ಅನ್ನೋದನ್ನ ದಯವಿಟ್ಟು ಭಾಷಣ ಮಾಡೋರಿಗೇ ಬಿಟ್ಟುಬಿಡಿ. ಫಾರ್ ಎಕ್ಸಾಂಪಲ್ ಆದ್ಮೇಲೆ ಪೂರ್ತಿ ವಾಕ್ಯ ಬರಬಹುದು, ಸಚ್ ಆ್ಯಸ್ ಆದ್ಮೇಲೆ ಹೆಸರುಗಳು ಮಾತ್ರ, ಸಚ್ ಆ್ಯಸ್‌ನಿಂದ ಹೊಸ ವಾಕ್ಯ ಶುರು ಮಾಡಿ ಅಲ್ಲೇ ಫುಲ್‌ಸ್ಟಾಪ್ ಇಟ್ರೆ ಅದು ಅರ್ಧ ವಾಕ್ಯ. ಸಚ್ ಆ್ಯಸ್ ಹಾಕಿ ಕೊನೇಲಿ ಎಟ್‌ಸೆಟ್ರಾ ಬೇಡ, 'ಕೆಲವು ಮಾತ್ರ ಹೇಳ್ತಿದೀನಿ' ಅನ್ನೋದು ಸಚ್ ಆ್ಯಸ್‌ನಲ್ಲೇ ಬಂದಾಯ್ತು.

ಈಗ ನಿಮ್ಮ ಕಾಮಾ ಸೆಮಿಕೋಲನ್ ಪ್ರಶ್ನೆ. ಇಲ್ಲಿ ಅರ್ಥ ಒಂದೇ ಆದ್ರೂ ಪದಗಳ ಜಾತಿ ಬೇರೆ, ಜಾತಿ ಬೇರೆ ಆದ್ರೆ ಚಿಹ್ನೆನೂ ಬೇರೆ. ಒಂದೇ ವಿಷಯವನ್ನ ನಾಲ್ಕು ಥರ ಬರೀತೀನಿ.

'ಇಟ್ ರೇನ್ಡ್, ಬಟ್ ದ ಮ್ಯಾಚ್ ಕಂಟಿನ್ಯೂಡ್.' ಬಟ್ ನಿಜವಾದ ಕೊಂಡಿ, ಎರಡು ವಾಕ್ಯ ಹಿಡಿದು ಕಟ್ಟೋ ತಾಕತ್ತು ಅದಕ್ಕಿದೆ, ಹಿಂದೆ ಒಂದು ಕಾಮಾ ಸಾಕು. ಆ್ಯಂಡ್, ಆರ್, ಸೋ, ಯೆಟ್ ಎಲ್ಲಾ ಇದೇ ಗುಂಪು.

'ಇಟ್ ರೇನ್ಡ್; ಹೌಎವರ್, ದ ಮ್ಯಾಚ್ ಕಂಟಿನ್ಯೂಡ್.' ಹೌಎವರ್‌ಗೆ ಕಟ್ಟೋ ಶಕ್ತಿ ಇಲ್ಲ, ಅದು ಕ್ರಿಯಾವಿಶೇಷಣದ ಜಾತಿ. ಅದಕ್ಕೇ ಹಿಂದೆ ಸೆಮಿಕೋಲನ್ ಅಥವಾ ಫುಲ್‌ಸ್ಟಾಪ್ ಬೇಕು, ಮುಂದೆ ಕಾಮಾ. ಹಿಂದೇನೂ ಬರೀ ಕಾಮಾ ಹಾಕಿದ್ರೆ ಅದನ್ನ ಕಾಮಾ ಸ್ಪ್ಲೈಸ್ ಅಂತಾರೆ, ಪರೀಕ್ಷೆ ನೋಡೋರ ಕಣ್ಣಿಗೆ ಮೊದಲು ಬೀಳೋ ತಪ್ಪುಗಳಲ್ಲಿ ಇದೂ ಒಂದು. ದೇರ್‌ಫೋರ್, ಮೋರ್‌ಓವರ್, ನೆವರ್‌ದಲೆಸ್, ಕಾನ್ಸಿಕ್ವೆಂಟ್ಲಿ ಎಲ್ಲಾ ಹೌಎವರ್ ಸಂಬಂಧಿಕರೇ, ಅದೇ ರೂಲು. ಅನುಮಾನ ಬಂದ್ರೆ ಪದವನ್ನ ವಾಕ್ಯದ ಮಧ್ಯಕ್ಕೆ ತಳ್ಳಿ ನೋಡಿ: 'ದ ಮ್ಯಾಚ್, ಹೌಎವರ್, ಕಂಟಿನ್ಯೂಡ್' ಅನ್ನಬಹುದು, 'ದ ಮ್ಯಾಚ್, ಬಟ್, ಕಂಟಿನ್ಯೂಡ್' ಅನ್ನಕ್ಕಾಗಲ್ಲ. ಹಾಗೆ ಓಡಾಡೋ ಪದ ಆದ್ರೆ ಸೆಮಿಕೋಲನ್ ಅಥವಾ ಫುಲ್‌ಸ್ಟಾಪ್.

'ಆಲ್‌ದೋ ಇಟ್ ರೇನ್ಡ್, ದ ಮ್ಯಾಚ್ ಕಂಟಿನ್ಯೂಡ್.' ಆಲ್‌ದೋ, ಬಿಕಾಸ್, ವೇರ್‌ಆ್ಯಸ್, ವೈಲ್ ಇವು ತಮ್ಮ ವಾಕ್ಯವನ್ನ ಇನ್ನೊಂದಕ್ಕೆ ಅಧೀನ ಮಾಡಿಬಿಡ್ತವೆ, ಒಂಟಿಯಾಗಿ ನಿಲ್ಲಕ್ಕೆ ಬಿಡಲ್ಲ. ವೇರ್‌ಆ್ಯಸ್ ಅಂತ ಶುರು ಮಾಡಿ ಒಂದೇ ತುಂಡು ಬರೆದು ಫುಲ್‌ಸ್ಟಾಪ್ ಇಡೋರು ಬಹಳ ಜನ, ಅದು ಪೂರ್ತಿ ವಾಕ್ಯ ಅಲ್ಲ.

'ಡಿಸ್ಪೈಟ್ ದ ರೇನ್, ದ ಮ್ಯಾಚ್ ಕಂಟಿನ್ಯೂಡ್.' ಡಿಸ್ಪೈಟ್ ಆದ್ಮೇಲೆ ನಾಮಪದ ಅಥವಾ ಐಎನ್‌ಜಿ ರೂಪ ಮಾತ್ರ, 'ಡಿಸ್ಪೈಟ್ ಇಟ್ ರೇನ್ಡ್' ತಪ್ಪು. ಡಿಸ್ಪೈಟ್ ಆಫ್ ಅನ್ನೋದೂ ತಪ್ಪು, ಆಫ್ ಬರೋದು ಇನ್ ಸ್ಪೈಟ್ ಆಫ್‌ನಲ್ಲಿ.

ನಮ್ಮೋರು ಮಾಡೋ ಒಂದು ತಪ್ಪು ಇಲ್ಲೇ ಹೇಳ್ಬೇಕು, 'ಆಲ್‌ದೋ ಇಟ್ ರೇನ್ಡ್, ಬಟ್ ದ ಮ್ಯಾಚ್ ಕಂಟಿನ್ಯೂಡ್', ಹಾಗೇನೇ 'ಬಿಕಾಸ್ ಇಟ್ ರೇನ್ಡ್, ಸೋ ವಿ ಸ್ಟಾಪ್ಡ್'. ಕನ್ನಡದಲ್ಲಿ ಈ ಕೊಂಡಿ ಕ್ರಿಯಾಪದದ ಬಾಲದಲ್ಲಿರುತ್ತೆ, ಬಂದ್ರೂ, ಬಂದಿದ್ರಿಂದ ಅಂತ, ಅಂದ್ರೆ ಎರಡು ತುಂಡೂ ಸೇರೋ ಜಾಗದಲ್ಲೇ ಕೂತಿರುತ್ತೆ. ಇಂಗ್ಲಿಷ್‌ನಲ್ಲಿ ಅದು ಮೊದಲೇ ಬಂದುಹೋಗಿರುತ್ತೆ, ಸೇರೋ ಜಾಗಕ್ಕೆ ಬರೋ ಹೊತ್ತಿಗೆ ಅಲ್ಲಿ ಏನೋ ಖಾಲಿ ಇದೆ ಅನ್ಸಿ ಕೈ ತಾನಾಗೇ ಬಟ್ ಹಾಕುತ್ತೆ. ಆ ಖಾಲಿ ಜಾಗಕ್ಕೆ ಕಾಮಾನೇ ಸಾಕು.

ನಾಲ್ಕೂ ಸರಿ ಆದ್ರೆ ಯಾವ್ದು ಆರಿಸೋದು? ಇದು ಯಾವ ಲಿಸ್ಟಲ್ಲೂ ಇರಲ್ಲ, ನನ್ನ ಪ್ರಕಾರ ಇದೇ ಮುಖ್ಯ. 'ದ ಫೋನ್ ಈಸ್ ಗುಡ್, ಬಟ್ ಇಟ್ ಈಸ್ ಎಕ್ಸ್‌ಪೆನ್ಸಿವ್' ಅಂದ್ರೆ ತಗೋಬೇಡಿ ಅಂತ. 'ದ ಫೋನ್ ಈಸ್ ಎಕ್ಸ್‌ಪೆನ್ಸಿವ್, ಬಟ್ ಇಟ್ ಈಸ್ ಗುಡ್' ಅಂದ್ರೆ ತಗೊಳ್ಳಿ ಅಂತ. ಅವೇ ಎರಡು ಸಂಗತಿ, ತೀರ್ಪು ತಿರುಗುಮುರುಗು. ಬಟ್ ಆದ್ಮೇಲೆ ಬರೋದು ಗೆಲ್ಲುತ್ತೆ. ಆಲ್‌ದೋ ಹಾಕಿದ ತುಂಡು ಸೋಲುತ್ತೆ, ಅದು ಮೊದಲೇ ಬರಲಿ ಕೊನೇಲೇ ಬರಲಿ, 'ಹೌದಪ್ಪ ಒಪ್ಕೋತೀನಿ' ಅಂತ ಪಕ್ಕಕ್ಕಿಟ್ಟ ಮಾತದು. ಡಿಸ್ಪೈಟ್ ಇನ್ನೂ ಒಂದು ಹೆಜ್ಜೆ ಮುಂದೆ, ಇಡೀ ವಾಕ್ಯವನ್ನ ಒಂದು ನಾಮಪದಕ್ಕೆ ಇಳಿಸಿಬಿಡುತ್ತೆ. ಹೌಎವರ್ ಎರಡಕ್ಕೂ ಒಂದೊಂದು ಪೂರ್ತಿ ವಾಕ್ಯ ಕೊಟ್ಟು ಮಧ್ಯೆ ಉಸಿರು ಬಿಡ್ತೀನಿ ಅನ್ನುತ್ತೆ, ಹಾಗಾಗಿ ದೊಡ್ಡ ತಿರುವಿಗೆ ಒಗ್ಗುತ್ತೆ, ಸಣ್ಣ ವಿರೋಧಕ್ಕೆಲ್ಲ ಹಾಕಿದ್ರೆ ಅತಿ ಆಯ್ತು ಅನ್ಸುತ್ತೆ. ಎಸ್ಸೇಲಿ ಎದುರು ಪಕ್ಷದ ವಾದ ಹೇಳುವಾಗ ಅದನ್ನ ಆಲ್‌ದೋ ತುಂಡಿಗೆ ಹಾಕಿ ನಿಮ್ಮ ವಾದಕ್ಕೆ ಮುಖ್ಯ ವಾಕ್ಯ ಕೊಡಿ. ಉಲ್ಟಾ ಹಾಕಿ ತಮ್ಮ ವಾದವನ್ನ ತಾವೇ ಸೋಲಿಸ್ಕೊಂಡಿರೋ ಎಸ್ಸೇಗಳು ನಾನು ತಿದ್ದೋ ಕಟ್ಟಿನಲ್ಲಿ ಬರ್ತಾನೇ ಇರ್ತವೆ.

ದೇರ್‌ಫೋರ್ ಕುಟುಂಬದಲ್ಲಿ ಅಷ್ಟು ತೊಡಕಿಲ್ಲ. ಸೋ ಮಾತಿನದು, ದೇರ್‌ಫೋರ್ ತರ್ಕದ್ದು. ದಸ್ ಆದ್ಮೇಲೆ ಐಎನ್‌ಜಿ ರೂಪ ಬರಬಹುದು, 'ದ ಪಂಪ್ ಫೇಲ್ಡ್, ದಸ್ ಫ್ಲಡಿಂಗ್ ದ ಬೇಸ್‌ಮೆಂಟ್' ಅಂತ. ಹೆನ್ಸ್ ಆದ್ಮೇಲೆ ಬರೀ ನಾಮಪದ ಬಂದ್ರೂ ಆಗುತ್ತೆ, 'ಹೆನ್ಸ್ ದ ಡಿಲೇ'. ಯಾವ್ದೇ ಹಾಕಿ, ಹಾಕೋ ಮುಂಚೆ ಕಾರಣ ನಿಜವಾಗ್ಲೂ ಪುಟದ ಮೇಲಿದ್ಯಾ ಅಂತ ನೋಡ್ಕೊಳ್ಳಿ.

ಆ್ಯಂಡ್, ಬಟ್‌ನಿಂದ ವಾಕ್ಯ ಶುರು ಮಾಡಬಾರದು ಅಂತ ಸ್ಕೂಲಲ್ಲಿ ಹೇಳಿರ್ತಾರೆ, ಅಂಥ ವ್ಯಾಕರಣ ನಿಯಮ ಇಲ್ಲ. ಒಳ್ಳೆ ಇಂಗ್ಲಿಷ್ ಬರೆಯೋರು ಯಾವಾಗ್ಲೂ ಹಾಗೆ ಬರೀತಾರೆ. ತಮಾಷೆ ಏನಂದ್ರೆ ಹೌಎವರ್‌ನಿಂದ ಶುರು ಮಾಡಬೇಡಿ ಅಂತ ಅಮೆರಿಕದ ಪ್ರೊಫೆಸರ್ ವಿಲಿಯಂ ಸ್ಟ್ರಂಕ್ 1918ರ ತಮ್ಮ ಕೈಪಿಡೀಲಿ ಬರೆದಿದ್ರು, ಅದನ್ನೂ ಇವತ್ತು ಹೆಚ್ಚಿನವರು ಪಾಲಿಸಲ್ಲ. ಆದ್ರೆ ಅದ್ರಲ್ಲಿ ಒಂದು ಉಪಯೋಗದ ಮಾತಿದೆ, ಹೌಎವರ್‌ನ ಸ್ವಲ್ಪ ಒಳಗೆ ತಳ್ಳಿದ್ರೆ ಅದರ ಹಿಂದಿರೋ ಪದಕ್ಕೆ ಒತ್ತು ಬೀಳುತ್ತೆ. 'ದ ಟೀಚರ್ಸ್, ಹೌಎವರ್, ಅಗ್ರೀಡ್' ಅಂದಾಗ ಬೇರೆಯೋರು ಒಪ್ಪಲಿಲ್ಲ ಟೀಚರ್ಸ್ ಮಾತ್ರ ಒಪ್ಪಿದ್ರು ಅನ್ನೋದು ಕೇಳಿಸುತ್ತೆ. ಪ್ರತಿ ವಾಕ್ಯನೂ ಪದ-ಕಾಮಾ, ಪದ-ಕಾಮಾ ಅಂತ ಶುರು ಆಗೋ ಏಕತಾನಾನೂ ಇದ್ರಿಂದ ತಪ್ಪುತ್ತೆ.

ಐಇಎಲ್‌ಟಿಎಸ್ ವಿಷಯಕ್ಕೆ ಬಂದ್ರೆ, ರೈಟಿಂಗ್‌ನಲ್ಲಿ ನೋಡೋ ನಾಲ್ಕು ಅಂಶಗಳಲ್ಲಿ ಕೊಹಿರೆನ್ಸ್ ಆ್ಯಂಡ್ ಕೊಹೀಶನ್ ಒಂದು, ನಾಲ್ಕಕ್ಕೂ ಸಮ ತೂಕ, ಅಂದ್ರೆ 25 ಪರ್ಸೆಂಟ್ ಅದಕ್ಕೇ. ಇದು ಕೇಳಿದ್ದಕ್ಕೇ ಜನ ಪದ ಸುರಿಯೋದು. ಆದ್ರೆ ಅವರೇ ಪ್ರಕಟಿಸಿರೋ ಬ್ಯಾಂಡ್ (ಅಂದ್ರೆ ಸ್ಕೋರ್ ಮಟ್ಟ) ವಿವರಣೆ ಓದಿ ನೋಡಿ. 5ರ ಬ್ಯಾಂಡಲ್ಲಿ ಕೊಂಡಿಗಳು ಸಾಲದೇ ಇರೋದು, ತಪ್ಪಾಗಿರೋದು ಜೊತೆಗೆ ಅತಿಯಾಗಿ ಬಳಸೋದನ್ನೂ ದೋಷ ಅಂತಾನೇ ಎಣಿಸಿದಾರೆ, 6ರಲ್ಲಿ ಯಾಂತ್ರಿಕವಾಗಿ ಬಳಸೋದರ ಮಾತು ಬರುತ್ತೆ. ಎಲ್ಲಕ್ಕಿಂತ ಮೇಲಿನ ಬ್ಯಾಂಡಿಗೆ ಬೇಕಿರೋದು ಕೊಂಡಿ ಇದೆ ಅಂತ ಓದೋರ ಗಮನಕ್ಕೇ ಬಾರದಷ್ಟು ಸಹಜವಾದ ಜೋಡಣೆ. ಅಂದ್ರೆ ನೀವು ಮಾರ್ಕ್ಸಿಗೆ ಅಂತ ಹಾಕ್ತಿರೋದೇ ಮಾರ್ಕ್ಸ್ ಕಡಿಮೆ ಮಾಡ್ತಿರಬಹುದು.

ಪ್ರಾಕ್ಟೀಸ್ ಹೇಗೆ ಅಂದ್ರೆ, ಟಾಸ್ಕ್ 2ರ ಒಂದು 250 ಪದದ ಎಸ್ಸೇನ ಒಂದೂ ಟ್ರಾನ್ಸಿಶನ್ ವರ್ಡ್ ಇಲ್ದೇ ಬರೀರಿ. ಆ್ಯಂಡ್, ಬಟ್, ಬಿಕಾಸ್ ಇರಲಿ, ಲಿಸ್ಟಿನದು ಬೇಡ. ಕಷ್ಟ ಆಗುತ್ತೆ, ಯಾಕಂದ್ರೆ ವಾಕ್ಯಗಳ ಕ್ರಮವನ್ನೇ ಬದಲಾಯಿಸ್ಬೇಕಾಗುತ್ತೆ, ಅದೇ ಈ ಕಸರತ್ತಿನ ಉದ್ದೇಶ. ಒಂದು ದಿನ ಬಿಟ್ಟು ಜೋರಾಗಿ ಓದಿ, ನಾಲಿಗೆ ಎಲ್ಲಿ ತಾನಾಗೇ 'ಆದ್ರೆ' ಅನ್ನುತ್ತೋ ಅಲ್ಲಿ ಮಾತ್ರ ಪದ ಸೇರಿಸಿ. ಹಳೇ ಎಸ್ಸೇಗಳನ್ನ ಉಲ್ಟಾ ಮಾಡಿ, ಒಂದೊಂದೇ ಪದ ಹೊಡೆದು ಹಾಕ್ತಾ ಹೋಗಿ, ಹೊಡೆದ್ಮೇಲೂ ಅರ್ಥ ಹಾಗೇ ಇದ್ರೆ ಅದು ಅಲ್ಲಿ ಬೇಕಾಗಿರಲಿಲ್ಲ, ಅರ್ಥ ಕಲಸಿದ್ರೆ ವಾಪಸ್ ಹಾಕಿ.

ಒಂದು ಪ್ಯಾರಾಗ್ರಾಫ್‌ಗೆ ಎಷ್ಟು ಅಂತ ಕೇಳಿದ್ರಲ್ಲ, ಲೆಕ್ಕ ಇಟ್ಕೋಬೇಡಿ, ಎಷ್ಟು ತಿರುವಿದೆಯೋ ಅಷ್ಟು. ಆರು ವಾಕ್ಯದ ಪ್ಯಾರಾದಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ತಿರುವಿರುತ್ತೆ, ಕೆಲವದ್ರಲ್ಲಿ ಒಂದೂ ಇರಲ್ಲ. ಪ್ಯಾರಾದಿಂದ ಪ್ಯಾರಾಗೆ ದಾಟುವಾಗ ಸೆಕೆಂಡ್ಲಿ, ಥರ್ಡ್ಲಿ ಅನ್ನೋದಕ್ಕಿಂತ ಹಿಂದಿನ ಪ್ಯಾರಾದ ಮುಖ್ಯ ಪದ ಒಂದನ್ನ ಮೊದಲ ವಾಕ್ಯಕ್ಕೆ ತನ್ನಿ. ನಿಮ್ಮ ಎಸ್ಸೇಲಿ ಹಿಂದಿನ ಪ್ಯಾರಾ ಒಂಟಿತನದಲ್ಲಿ ಮುಗಿದಿದೆ ಅಂತಿಟ್ಕೊಳ್ಳಿ, ಮುಂದಿನದು 'ಲೋನ್ಲಿನೆಸ್ ಕ್ಯಾನ್ ಬಿ ರೆಡ್ಯೂಸ್ಡ್ ಇಫ್ ದ ಟೀಮ್ ಮೀಟ್ಸ್ ವನ್ಸ್ ಎ ವೀಕ್' ಅಂತ ಶುರು ಆಗ್ಲಿ. ಆ ಪ್ಯಾರಾ ಬರೆದು ಕಳ್ಸಿ, ನೋಡ್ತೀನಿ. ದೇರ್‌ಫೋರ್ ಹಾಕೋದಾದ್ರೆ ತೂಕ ಹಾಕಿ ತೋರಿಸಿದ್ಮೇಲೆ ಹಾಕಿ.